ನೀರು ಆಮೇಲೆ: ಮನೆಯಲ್ಲೇ ಖಾರದ ಕಡಲೆಬೀಜದ ಸಾಸ್

ಕಡಲೆಬೀಜದ ಚಟ್ನಿ ಮಾಡುವಾಗ ಮಿಕ್ಸಿಗೆ ನೀರು ಹಾಕದೆ ಇರುವವರು ಯಾರಿದ್ದಾರೆ? ಹುರಿದ ಬೀಜ, ಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು, ಅರ್ಧ ಲೋಟ ನೀರು. ಗುರ್ ಅಂತ ಎರಡು ಸುತ್ತು, ಮೇಲೊಂದು ಒಗ್ಗರಣೆ. ಮುಗಿಯಿತು. ಖಾರದ ಸಾಸ್‌ಗೂ ಬೇಕಾಗುವುದು ಹೆಚ್ಚುಕಡಿಮೆ ಇವೇ ಸಾಮಾನು. ಆದರೆ ಇದೇ ಸಾಮಾನಿನಿಂದ ಚಟ್ನಿ ಬಿಟ್ಟು ಬೇರೇನೋ ಬರಬೇಕಾದರೆ ನೀರು ಕಾಯಬೇಕು. ಮೊದಲು ಬೀಜದೊಳಗಿನ ಎಣ್ಣೆ ಹೊರಗೆ ಬರಬೇಕು. ನೀರು ಆಮೇಲೆ. ಈ ಸಾಸ್ ಮಾಡುತ್ತಾ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು. ಉಳಿದದ್ದನ್ನು ನಿಮ್ಮ ನಾಲಿಗೆಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

ನಾವಿರುವುದು ಹಾಸನ ಪಟ್ಟಣದಲ್ಲಿ. ಗಂಡನ ಮನೆ ಅರಸೀಕೆರೆ ಕಡೆ, ತೆಂಗಿನ ಸೀಮೆ. ನನ್ನ ತವರು ಸಕಲೇಶಪುರದ ಕಡೆ, ಕಾಫಿ, ಏಲಕ್ಕಿ, ಮಳೆ. ಹೀಗಾಗಿ ನಮ್ಮ ಅಡುಗೆಮನೆಗೆ ಒಂದು ಕಡೆಯಿಂದ ತೆಂಗಿನಕಾಯಿ ಬರುತ್ತದೆ, ಇನ್ನೊಂದು ಕಡೆಯಿಂದ ಸೂಜಿ ಮೆಣಸು. ಸಾಸ್‌ಗೆ ಎರಡೂ ಬೇಕಾದವು. ಇದನ್ನು ಮನೆಗೆ ತಂದವನು ನಾದಿನಿಯ ಮಗ. ಬೆಂಗಳೂರಿನಲ್ಲಿ ಕೆಲಸ. ಒಂದು ಸಲ ಬರುವಾಗ ಕಡಲೆಬೀಜದ ಸಾಸಿನ ಬಾಟಲಿ ತಂದ. ಮೇಲೆ ದೊಡ್ಡದಾಗಿ ಖಾರ ಅಂತ ಬರೆದು ಮೆಣಸಿನಕಾಯಿ ಚಿತ್ರ ಹಾಕಿದ್ದರು. ಹಿಂದೆ ತಿರುಗಿಸಿ ನೋಡಿದರೆ ಸಾಮಾನಿನ ಪಟ್ಟಿಯಲ್ಲಿ ಸಕ್ಕರೆ ಎರಡನೆಯದು, ಮೆಣಸಿನಕಾಯಿ ಎಲ್ಲೋ ಕೊನೆಯಲ್ಲಿ. ಪೊಟ್ಟಣದ ಮೇಲೆ ಸಾಮಾನುಗಳನ್ನು ಬರೆಯುವುದು ಜಾಸ್ತಿ ತೂಕದ್ದರಿಂದ ಕಡಿಮೆ ತೂಕದ್ದಕ್ಕೆ. ಹಾಗಾಗಿ ನಾಲಿಗೆಗೆ ಇಡುವ ಮೊದಲೇ ಗೊತ್ತಾಗಿಹೋಯಿತು. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇದೇನವ್ವ, ಹೋಳಿಗೆ ಹೂರಣಕ್ಕೆ ಮೆಣಸಿನಪುಡಿ ಹಾಕವ್ರೆ" ಅಂದರು.

ಹುಡುಗ ಬಿಡಲಿಲ್ಲ. "ಅಜ್ಜಿ, ನಿಜವಾದ್ದು ಹಿಂಗಿರಲ್ಲ" ಅಂತ ಫೋನಿನಲ್ಲಿ ವಿಡಿಯೊ ತೋರಿಸಿದ. ಇಂಡೊನೇಷ್ಯಾದ ಜಾವಾದ ಬೀದಿಬದಿಯ ಅಂಗಡಿ. ಒಬ್ಬ ಹೆಂಗಸು ತಟ್ಟೆಯಷ್ಟು ಅಗಲದ, ಆಳವಿಲ್ಲದ ಕಲ್ಲಿನ ಒರಳಿನಲ್ಲಿ, ಬಾಗಿದ ಕಲ್ಲುಗುಂಡಿನಿಂದ ಹುರಿದ ಕಡಲೆಬೀಜ, ಮೆಣಸಿನಕಾಯಿ, ಬೆಳ್ಳುಳ್ಳಿ, ಬೆಲ್ಲ, ಹುಣಸೆರಸ ಎಲ್ಲವನ್ನೂ ಉಜ್ಜಿ ಉಜ್ಜಿ ಅರೆಯುತ್ತಿದ್ದಳು. ಆ ಒರಳಿಗೆ ಅಲ್ಲಿ ಚೋಬೆಕ್ ಅಂತಾರೆ. ಬೇಯಿಸಿದ ತರಕಾರಿ, ಆಲೂಗಡ್ಡೆ, ಮೊಟ್ಟೆ, ತೋಫು ಎಲ್ಲದರ ಮೇಲೆ ಆ ಸಾಸ್ ಸುರಿದು ಕೊಟ್ಟರೆ ಅದು ಗಾಡೊ ಗಾಡೊ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸದ ಜೊತೆ ಕೊಟ್ಟರೆ ಸಾತೆ. ಥಾಯ್ಲೆಂಡಿನವರು ಅದಕ್ಕೇ ತೆಂಗಿನಹಾಲು ಮತ್ತು ತಮ್ಮ ಕೆಂಪು ಮಸಾಲೆ ಸೇರಿಸುತ್ತಾರೆ. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಕಲ್ಲು, ಹುಣಸೆ, ಬೆಲ್ಲ, ತೆಂಗು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಮಾಡಾಣ ಬಿಡು" ಅಂದರು.

ಒಂದು ವಿಚಾರ ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ. ಕಡಲೆಕಾಯಿ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಮೆಣಸಿನಕಾಯಿಯೂ ಅಮೆರಿಕದ ಕಡೆಯದ್ದೇ. ಎರಡೂ ಹಡಗು ಹತ್ತಿ ಏಷ್ಯಾಕ್ಕೆ ಬಂದು ಇನ್ನೂ ಐನೂರು, ಆರುನೂರು ವರ್ಷ ಆಗಿಲ್ಲ. ಅದಕ್ಕೂ ಮೊದಲು ಜಾವಾದಲ್ಲಾಗಲಿ ಹಾಸನದಲ್ಲಾಗಲಿ ಖಾರ ಅಂದರೆ ಕಾಳುಮೆಣಸೇ ಇದ್ದಿರಬೇಕು. ಈಗ ನೋಡಿ, ಇವೆರಡೂ ಇಲ್ಲದ ಮನೆ ಎಲ್ಲಿದೆ?

ಇನ್ನು ಬೀಜದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೀಜ ಸರಿಯಿಲ್ಲದಿದ್ದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ. ನಾನು ಕೊಂಡದ್ದು ಕಟ್ಟಿನಕೆರೆ ಮಾರುಕಟ್ಟೆಯಲ್ಲಿ, 250 ಗ್ರಾಂ. ಎರಡು ಥರ ಇತ್ತು. ಒಂದು ದಪ್ಪ, ಉದ್ದನೆಯ ಬೀಜ. ನೋಡಲು ಚೆಂದ, ಉಪ್ಪು ಹಾಕಿ ಹುರಿದು ತಿನ್ನಲು ಅದು ಸರಿ. ಇನ್ನೊಂದು ಸಣ್ಣದು, ಗುಂಡಗೆ, ಕೆಂಪು ಸಿಪ್ಪೆಯದ್ದು. ಟಿ.ಎಂ.ವಿ. 2 ಅಂತ ನಮ್ಮ ಬಯಲುಸೀಮೆಯ ರೈತರು ಬಹಳ ಕಾಲದಿಂದ ಬೆಳೆಯುತ್ತಿರುವ ತಳಿ ಈ ಜಾತಿಯದ್ದು. ಎಣ್ಣೆ ತೆಗೆಯಲು ಬಳಸುವುದು ಸಾಮಾನ್ಯವಾಗಿ ಇಂಥ ಬೀಜ. ನಮಗೆ ಬೇಕಾದದ್ದೂ ಎಣ್ಣೆಯೇ ಅಲ್ವಾ? ಸಣ್ಣದನ್ನೇ ತಂದೆ.

ಅತ್ತೆ ಅದನ್ನು ಮೊರಕ್ಕೆ ಸುರಿದು ಕಿಟಕಿಯ ಬೆಳಕಿಗೆ ಕೂತರು. ಜೊಳ್ಳು, ಸುಕ್ಕು, ಕಪ್ಪು ಕಲೆ ಬಿದ್ದದ್ದು, ಮೊಳಕೆ ಒಡೆದದ್ದು ಎಲ್ಲ ಒಂದೊಂದಾಗಿ ಬೇರೆ ಮಾಡಿದರು. ನನಗೆ ಇದು ಬರೀ ಹಳೆಕಾಲದ ಶಿಸ್ತು ಅನ್ನಿಸುವುದಿಲ್ಲ. ತೇವದಲ್ಲಿ ಇಟ್ಟ ಕಡಲೆಬೀಜಕ್ಕೆ ಒಂದು ಜಾತಿಯ ಬೂಷ್ಟು ಹಿಡಿಯುತ್ತದೆ. ಅದು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಲಿವರ್‌ಗೆ ಕೆಟ್ಟದ್ದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಸುಕ್ಕಿದ, ಬಣ್ಣಗೆಟ್ಟ, ಕಹಿ ಬೀಜವನ್ನು ಎಸೆಯುವುದೇ ದಾರಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬೀಜ ತಂದು ತಿಂಗಳಾನುಗಟ್ಟಲೆ ಇಡುವವರು ಇದನ್ನು ನೆನಪಿಡಬೇಕು. ನನ್ನ ತವರಿನಲ್ಲಿ ಜೂನ್ ಬಂತೆಂದರೆ ಬೀರುವಿನೊಳಗಿನ ಬಟ್ಟೆಗೇ ಮುಗ್ಗಲು ವಾಸನೆ. ಇನ್ನು ಬೀಜ ಯಾವ ಲೆಕ್ಕ? ಬೇಕಾದಷ್ಟೇ ತನ್ನಿ.

ಬೀಜ ಆರಿಸುತ್ತಾ ಅತ್ತೆ ತಮ್ಮ ಚಿಕ್ಕಂದಿನ ಹೊಲದ ಕಥೆ ತೆಗೆದರು. ಕಡಲೆಗಿಡದ ಹಳದಿ ಹೂ ಮೇಲೆ ಬಿಡುತ್ತದೆ. ಹೂ ಬಾಡಿದ ಮೇಲೆ ಅಲ್ಲಿಂದ ಒಂದು ಸಣ್ಣ ಮುಳ್ಳಿನಂಥದ್ದು ಕೆಳಗೆ ಇಳಿದು ಮಣ್ಣಿನೊಳಗೆ ಹೋಗಿ ಅಲ್ಲಿ ಕಾಯಿ ಕಟ್ಟುತ್ತದೆ. ಆ ಹೊತ್ತಿಗೆ ಮಣ್ಣು ಗಟ್ಟಿಯಾಗಿದ್ದರೆ ಮುಳ್ಳು ಇಳಿಯುವುದಿಲ್ಲ. "ಅದ್ಕೇ ಸಡ್ಲ ನೆಲ್ದಲ್ಲಿ ಹಾಕೋರು" ಅಂದರು. ಕಾಯಿ ಕಿತ್ತ ದಿನ ಹೊಲದಲ್ಲೇ ಬೆಂಕಿ ಹಾಕಿ ಸುಟ್ಟು ತಿನ್ನುತ್ತಿದ್ದರಂತೆ. ಆ ರುಚಿಯ ಮುಂದೆ ನನ್ನ ಸಾಸ್ ಏನೂ ಅಲ್ಲ ಅಂತ ಮಾಡುವುದಕ್ಕೆ ಮುಂಚೆಯೇ ತೀರ್ಪು ಬಂತು.

ಹುರಿಯುವುದು ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ. ಕಾಲು ಗಂಟೆಯಷ್ಟು ಹಿಡಿಯುತ್ತದೆ. ಕೈ ನಿಲ್ಲಿಸುವ ಹಾಗಿಲ್ಲ. ಉರಿ ಜೋರು ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಸಿಪ್ಪೆ ನೋಡಿ ಮೋಸ ಹೋಗಬೇಡಿ. ಆಗಾಗ ಒಂದು ಬೀಜ ತೆಗೆದು ಎರಡು ಹೋಳು ಮಾಡಿ ಒಳಗಿನ ಬಣ್ಣ ನೋಡಬೇಕು. ಬಿಳಿ ಹೋಗಿ ತಿಳಿ ಕಂದು ಬರಬೇಕು. ಚಿಟಪಟ ಸದ್ದು ಜೋರಾಗಿ, ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಆಗ ಬಾಣಲೆಯಿಂದ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಅದು ಹುರಿಯುತ್ತಲೇ ಇರುತ್ತದೆ. ಸ್ವಲ್ಪ ಕಂದು ಹೆಚ್ಚಾದರೆ ಸಾಸ್‌ಗೆ ಒಂದು ಗಡಸು ಪರಿಮಳ ಬರುತ್ತದೆ, ನನಗೆ ಅದು ಇಷ್ಟ. ಕಪ್ಪಾದರೆ ಮಾತ್ರ ಕಹಿ. ಆ ಕಹಿಯನ್ನು ಬೆಲ್ಲ ಮುಚ್ಚುವುದಿಲ್ಲ.

ಬಿಸಿ ಸ್ವಲ್ಪ ಇಳಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರು ಅತ್ತೆ. ಸಿಪ್ಪೆ ಹಾರಿ ಅಂಗಳದ ತುಂಬಾ ಹರಡಿತು. ನನಗೆ ಕೇರಲು ಸರಿಯಾಗಿ ಬರುವುದಿಲ್ಲ, ಬೀಜವೂ ಹಾರುತ್ತದೆ. ಹತ್ತರಲ್ಲಿ ಒಂದೆರಡು ಬೀಜಕ್ಕೆ ಸಿಪ್ಪೆ ಉಳಿದರೆ ಚಿಂತೆಯಿಲ್ಲ. ಪೂರ್ತಿ ಸಿಪ್ಪೆ ಸಮೇತ ಅರೆದರೆ ಒಂದು ಒಗರು ಬರುತ್ತದೆ, ಬಣ್ಣವೂ ಮಂಕಾಗುತ್ತದೆ.

ಇನ್ನು ಮಿಕ್ಸಿ. ಬೀಜ ಇನ್ನೂ ಉಗುರುಬೆಚ್ಚಗೆ ಇರುವಾಗಲೇ ಜಾರಿಗೆ ಹಾಕಬೇಕು. ಜಾರು ಒಣಗಿರಬೇಕು, ಒಂದು ಹನಿ ನೀರೂ ಇರಬಾರದು. ಮೊದಲು ತರಿತರಿ ಆಗುತ್ತದೆ. ಆಮೇಲೆ ಪುಡಿ. ಆ ಪುಡಿಯಲ್ಲಿ ಎರಡು ಚಮಚ ತೆಗೆದು ಪಕ್ಕಕ್ಕಿಟ್ಟುಕೊಂಡೆ, ಕೊನೆಯಲ್ಲಿ ಹಲ್ಲಿಗೆ ಸಿಗಲಿ ಅಂತ. ಪುಡಿ ಆದ ಮೇಲೆ ಅದು ಜಾರಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಬ್ಲೇಡು ಗಾಳಿಯಲ್ಲಿ ತಿರುಗುತ್ತದೆ. ಎಲ್ಲರಿಗೂ ನೀರು ಹಾಕುವ ಆಸೆ ಬರುವುದು ಇಲ್ಲೇ.

ಅತ್ತೆಗೂ ಬಂತು. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. "ಯಾಕವ್ವಾ, ನೀರಿಲ್ದೆ ಮಿಕ್ಸಿ ಸುಡೋಕ್ ಬಿಟ್ಟಿದೀಯಾ" ಅಂತ ಲೋಟ ಎತ್ತಿ ಸುರಿದೇಬಿಟ್ಟರು. "ಅಯ್ಯೋ ಬೇಡಿ ಅತ್ತೆ" ಅನ್ನುವಷ್ಟರಲ್ಲಿ ಜಾರಿನಲ್ಲಿ ಬಿಳಿಚಿದ ಮುದ್ದೆ ಕೂತಿತ್ತು. ಅದನ್ನು ಎಷ್ಟು ತಿರುಗಿಸಿದರೂ ಎಣ್ಣೆ ಬರುವುದಿಲ್ಲ. ಇನ್ನಷ್ಟು ನೀರು, ಎರಡು ಹಸಿಮೆಣಸಿನಕಾಯಿ, ಒಗ್ಗರಣೆ ಹಾಕಿ ಅವರೇ ಅದನ್ನು ಚಟ್ನಿ ಮಾಡಿದರು. ಬೆಳಗಿನ ದೋಸೆಗೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮತ್ತೆ ಬೀಜ ಹುರಿದದ್ದೂ ಅವರೇ.

ಇದು ಯಾಕೆ ಹೀಗೆ ಅಂತ ನಾದಿನಿಯ ಮಗ ಕೇಳಿದ. ನೂರು ಗ್ರಾಂ ಕಡಲೆಬೀಜದಲ್ಲಿ ಹತ್ತಿರ ಹತ್ತಿರ 50 ಗ್ರಾಂ ಎಣ್ಣೆ ಇದೆ, 25 ಗ್ರಾಂನಷ್ಟು ಪ್ರೋಟೀನ್. ನೀರಿಲ್ಲದೆ ಅರೆದರೆ ಬ್ಲೇಡಿನ ತಿಕ್ಕಾಟಕ್ಕೆ ಬಿಸಿ ಹುಟ್ಟಿ, ಬೀಜದೊಳಗಿನ ಎಣ್ಣೆಯ ಸಣ್ಣ ಚೀಲಗಳು ಒಡೆದು ಎಣ್ಣೆ ಹೊರಬರುತ್ತದೆ. ಉಳಿದ ಹಿಟ್ಟು ಆ ಎಣ್ಣೆಯಲ್ಲಿ ತೇಲುತ್ತದೆ. ನಡುವೆ ಸ್ವಲ್ಪ ನೀರು ಬಿದ್ದರೆ ಆ ಹಿಟ್ಟಿನ ಕಣಗಳು ನೀರು ಕುಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಅರೆಯುವುದು ಅಲ್ಲಿಗೇ ನಿಂತುಹೋಗುತ್ತದೆ. ಚಟ್ನಿಗೆ ಅದೇ ಸಾಕು, ಚಟ್ನಿಗೆ ತರಿ ಇದ್ದರೇ ಚೆಂದ. ಸಾಸ್‌ಗೆ ಸಾಲದು.

ಹಾಗಾಗಿ ಗೋಡೆಗೆ ಅಂಟಿದ ಪುಡಿಯನ್ನು ಒಣ ಚಮಚದಿಂದ ಕೆರೆದು ಕೆಳಗೆ ತಳ್ಳಬೇಕು. ಅರ್ಧ ನಿಮಿಷ ತಿರುಗಿಸಬೇಕು, ನಿಲ್ಲಿಸಬೇಕು, ಕೆರೆಯಬೇಕು. ನಮ್ಮ ಮಿಕ್ಸಿಗೆ ಈ ಕೆಲಸ ಇಷ್ಟವಿಲ್ಲ. ಒಂದು ಹಂತದಲ್ಲಿ ತಟ್ಟನೆ ನಿಂತಿತು. ಅತ್ತೆ ಮುಖ ನೋಡಿದರು. ಮಿಕ್ಸಿ ಮಗುಚಿ ಕೆಳಗಿನ ಕೆಂಪು ಬಟನ್ ಒತ್ತಿದೆ. ಮೋಟಾರು ಬಿಸಿಯಾಗಿ ಹೊರೆ ಜಾಸ್ತಿ ಆದಾಗ ಸುಟ್ಟುಹೋಗದಿರಲಿ ಅಂತ ತಾನೇ ನಿಲ್ಲುವ ವ್ಯವಸ್ಥೆ ಅದು. ಹತ್ತು ನಿಮಿಷ ತಣ್ಣಗಾಗಲು ಬಿಟ್ಟು ಬಟನ್ ಒತ್ತಿದರೆ ಮತ್ತೆ ಶುರುವಾಗುತ್ತದೆ. ಎಷ್ಟೋ ಜನ ಇದನ್ನು ತಿಳಿಯದೆ ರಿಪೇರಿಗೆ ಹೊತ್ತುಕೊಂಡು ಹೋಗುತ್ತಾರೆ.

ಆ ವಿರಾಮದ ನಂತರದ ಒಂದು ಸುತ್ತಿನಲ್ಲಿ ಅದು ಬದಲಾಯಿತು. ಪುಡಿ ಮೊದಲು ಉಂಡೆ ಕಟ್ಟಿತು. ಉಂಡೆ ಜಾರಿನೊಳಗೆ ಧಡಧಡ ಅಂತ ಹೊಡೆಯಿತು. ಆಮೇಲೆ ಸದ್ದು ಇದ್ದಕ್ಕಿದ್ದಂತೆ ಮೆತ್ತಗಾಯಿತು. ಮುಚ್ಚಳ ತೆಗೆದರೆ ಬೀಜ ಹರಿಯುತ್ತಿತ್ತು! ಹೊಳಪು, ಬಿಸಿ, ಚಮಚದಿಂದ ದಾರವಾಗಿ ಇಳಿಯುವ ಹದ. ಒಂದು ಹನಿ ಎಣ್ಣೆ ಹಾಕಿರಲಿಲ್ಲ. ಅತ್ತೆ ಬೆರಳಲ್ಲಿ ತೆಗೆದು ನೆಕ್ಕಿ, "ಇಷ್ಟೊಂದ್ ಎಣ್ಣೆ ಎಲ್ಲಿತ್ತೇ ಇದ್ರೊಳಗೆ" ಅಂದರು. ಗಾಣದವನಿಗೆ ಬೀಜ ಕೊಟ್ಟು ಎಣ್ಣೆ ತಂದವರು ಅವರು. ಎಣ್ಣೆ ಇರುವುದು ಗೊತ್ತು. ಹಿಂಡಿ ಬೇರೆಯಾಗದೆ ಎರಡೂ ಒಟ್ಟಿಗೇ ಹರಿಯುವುದನ್ನು ನೋಡಿದ್ದು ಹೊಸದು.

ಈ ಹಂತಕ್ಕೆ ನಿಲ್ಲಿಸಿ ಡಬ್ಬಿಗೆ ತುಂಬಿದರೆ ಅದೇ ಅಂಗಡಿಯಲ್ಲಿ ಸಿಗುವ ಪೀನಟ್ ಬಟರ್. ಅದಕ್ಕೆ ಕೊಡುವ ದುಡ್ಡು ನೆನೆದು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಮೆಣಸಿನಕಾಯಿಗೆ ನಾನು ಎರಡು ಜಾತಿ ಹಾಕುತ್ತೇನೆ. ಬಣ್ಣಕ್ಕೆ ಬ್ಯಾಡಗಿ, ಆರು. ಅದು ಕಡುಕೆಂಪು, ಸುಕ್ಕು ಸುಕ್ಕು, ಖಾರ ಕಡಿಮೆ. ಖಾರಕ್ಕೆ ತವರಿನಿಂದ ಬಂದ ಒಣಗಿಸಿದ ಸೂಜಿ ಮೆಣಸು, ಎಂಟು. ಜೀರಿಗೆ ಮೆಣಸು ಅಂತಲೂ ಕರೆಯುತ್ತಾರೆ. ಉಗುರಿನಷ್ಟು ಉದ್ದ ಇರುತ್ತದೆ, ಸಿಟ್ಟು ಮಾತ್ರ ಮೊಳದುದ್ದ. ನಮ್ಮ ಕಡೆ ಇದನ್ನು ಯಾರೂ ನೆಡುವುದಿಲ್ಲ. ಹಕ್ಕಿ ತಿಂದು ಹಿಕ್ಕೆ ಹಾಕಿದ ಕಡೆ ತಾನೇ ಹುಟ್ಟುತ್ತದೆ, ಕಾಫಿ ಗಿಡದ ಬುಡದಲ್ಲಿ, ಬೇಲಿಯಲ್ಲಿ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಟ್ಟುವುದೇ ಇಲ್ಲ. ನಮ್ಮ ನಾಲಿಗೆ ಸುಡುವ ಕ್ಯಾಪ್ಸೈಸಿನ್ ಅವುಗಳ ನಾಲಿಗೆಗೆ ಏನೂ ಅನ್ನಿಸುವುದಿಲ್ಲ. ಸೂಜಿ ಮೆಣಸು ಸಿಗದವರು ಗುಂಟೂರು ಹಾಕಿ, ಐದಾರು ಸಾಕು.

ಎರಡನ್ನೂ ಒಂದು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿದೆ. ಎಷ್ಟೇ ಸಣ್ಣ ಉರಿ ಇಟ್ಟರೂ ಘಾಟು ತಪ್ಪುವುದಿಲ್ಲ. ಹಜಾರದಲ್ಲಿ ಪೇಪರು ಓದುತ್ತಿದ್ದ ಯಜಮಾನರು ಸಾಲಾಗಿ ಸೀನಿ ಎದ್ದು ಗೇಟಿನ ಹೊರಗೆ ಹೋದರು. ಮಹಡಿ ಮನೆಯಾಕೆ ಬಗ್ಗಿ, "ಏನಕ್ಕಾ, ಯಾರಿಗಾದ್ರೂ ದೃಷ್ಟಿ ತೆಗೀತಿದೀರಾ?" ಅಂದಳು. ಹುರಿದ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ.

ಮಸಾಲೆಗೆ ಸಾಂಬಾರ್ ಈರುಳ್ಳಿ ಹತ್ತು, ನಾಟಿ ಬೆಳ್ಳುಳ್ಳಿ ಎಂಟು ಎಸಳು, ಅರ್ಧ ಬೆರಳು ಶುಂಠಿ. ಅಲ್ಲಿನವರು ಹಾಕುವುದು ಶುಂಠಿಯ ನೆಂಟ, ಗಲಂಗಲ್ ಅನ್ನುವ ಬೇರು. ಅದು ನಮಗೆ ಸುಲಭವಾಗಿ ಸಿಗುವುದಿಲ್ಲ, ಶುಂಠಿ ಸಾಕು. ಅವರು ಹಾಕುವ ಇನ್ನೊಂದು ವಸ್ತು ಮಾತ್ರ ನಮ್ಮ ಹಿತ್ತಲಲ್ಲೇ ಇತ್ತು, ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್. ಅತ್ತೆ ಅದನ್ನು ನೆಗಡಿಗೆ ಕಷಾಯ ಮಾಡಲು ಬೆಳೆಸಿದ್ದು. ಎಲೆ ಕಷಾಯಕ್ಕೆ, ಬುಡದ ಬಿಳಿ ಭಾಗ ಸಾಸ್‌ಗೆ. ಇದನ್ನು ಅರೆಯಬೇಡಿ, ನಾರು ಬಾಯಿಗೆ ಸಿಗುತ್ತದೆ. ಕಲ್ಲಿನಲ್ಲಿ ಜಜ್ಜಿ ಇಡೀ ತುಂಡು ಹಾಕಿ, ಕೊನೆಗೆ ತೆಗೆದುಬಿಡಿ. ನೆನೆದ ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಎಲ್ಲ ಸೇರಿಸಿ ನುಣ್ಣಗೆ ಅರೆದುಕೊಂಡೆ. ಇದಕ್ಕೆ ನೀರು ಹಾಕಬಹುದು, ಅಡ್ಡಿಯಿಲ್ಲ. ಇದು ಬೇರೆ ಜಾರಿನಲ್ಲಿ ನಡೆಯುವ ಬೇರೆ ಕೆಲಸ.

ತೆಂಗಿನಹಾಲು ತೆಗೆದದ್ದು ಅರಸೀಕೆರೆಯ ಬಲಿತ ಕಾಯಿಯಿಂದ. ತುರಿಗೆ ಬಿಸಿನೀರು ಹಾಕಿ ಅರೆದು ಬಟ್ಟೆಯಲ್ಲಿ ಹಿಂಡಿದರೆ ಮೊದಲ ಹಾಲು ಅರ್ಧ ಲೋಟ ಬಂತು. ಅದೇ ಹಿಪ್ಪೆಗೆ ಮತ್ತೆ ನೀರು ಹಾಕಿ ಹಿಂಡಿದ ಎರಡನೆಯದು ಒಂದೂವರೆ ಲೋಟ. ಪಾಯಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ಒಲೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಅರೆದ ಮಸಾಲೆ ಮತ್ತು ಜಜ್ಜಿದ ಹುಲ್ಲು ಹಾಕಿದೆ. ಹಸಿ ವಾಸನೆ ಹೋಗಿ ಅಂಚಿನಲ್ಲಿ ಕೆಂಪು ಎಣ್ಣೆ ಬಿಡುವ ತನಕ ಬಾಡಿಸಬೇಕು, ಎಂಟು ಹತ್ತು ನಿಮಿಷ. ಇದನ್ನು ಅರ್ಧಕ್ಕೇ ಬಿಟ್ಟರೆ ಸಾಸ್ ಪೂರ್ತಿ ಹಸಿ ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಮೆಣಸಿನಕಾಯಿಯ ಖಾರವೂ ಬಣ್ಣವೂ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಬಿಡುವುದು. ಇಲ್ಲಿ ಆತುರ ಮಾಡಿದರೆ ಎರಡೂ ಸಿಗುವುದಿಲ್ಲ. ಆಮೇಲೆ ಬೀಜದ ಪೇಸ್ಟ್ ಸೇರಿಸಿ, ಉರಿ ಸಣ್ಣ ಮಾಡಿ, ಎರಡು ನಿಮಿಷ ಕೆದಕಿದೆ. ಇಷ್ಟು ಹೊತ್ತಿಗೆ ಮನೆಯ ತುಂಬಾ ಬೇರೆಯೇ ವಾಸನೆ. ಗೇಟಿನ ಹೊರಗಿದ್ದವರು ವಾಪಸು ಬಂದರು.

ಅಷ್ಟಾದ ಮೇಲೆ ನೀರಿನ ಸರದಿ, ಅಂದರೆ ಎರಡನೇ ಹಾಲು. ಒಂದೇ ಸಲಕ್ಕೆ ಸುರಿಯಬೇಡಿ. ಒಂದು ಸೌಟು ಹಾಕಿದೆ. ಹರಿಯುತ್ತಿದ್ದ ಪೇಸ್ಟ್ ತಟ್ಟನೆ ಗಟ್ಟಿಯಾಗಿ ಸೌಟಿಗೆ ಕಚ್ಚಿಕೊಂಡಿತು. ದ್ರವ ಹಾಕಿದರೆ ಗಟ್ಟಿಯಾಗುತ್ತದೆ ಅಂದರೆ ನೋಡದವರು ನಂಬುವುದಿಲ್ಲ. ನನ್ನ ಪಕ್ಕ ನಿಂತಿದ್ದ ಅತ್ತೆ, "ಹೋಯ್ತು" ಅಂದರು. ಹೋಗಿರಲಿಲ್ಲ. ಕೆದಕುತ್ತಾ ಇನ್ನೊಂದು ಸೌಟು, ಮತ್ತೊಂದು. ಬಣ್ಣ ತಿಳಿಯಾಗುತ್ತಾ ಬಂತು, ಮುದ್ದೆ ಸಡಿಲಾಯಿತು, ನಾಲ್ಕನೇ ಸೌಟಿಗೆ ಮತ್ತೆ ಹರಿಯಿತು. ಮಿಕ್ಸಿಯಲ್ಲಿ ಅಡ್ಡಿಯಾದ ಅದೇ ಸಂಗತಿ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಮೊದಲ ನೀರನ್ನು ಹಿಟ್ಟಿನ ಕಣಗಳು ಕುಡಿದು ಉಬ್ಬುತ್ತವೆ. ಅವುಗಳ ಬಾಯಾರಿಕೆ ತೀರಿದ ಮೇಲೆ ಬಂದ ನೀರಿನಲ್ಲಿ ಎಣ್ಣೆ ಸಣ್ಣ ಹನಿಗಳಾಗಿ ಹರಡುತ್ತದೆ. ಸಾಸಿನ ನುಣುಪು ಬರುವುದು ಈ ಹನಿಗಳಿಂದ. ಅಷ್ಟರೊಳಗೆ ಬೀಜ ಪೂರ್ತಿ ಅರೆದು ಎಣ್ಣೆ ಬಿಟ್ಟಿರಬೇಕು, ಅಷ್ಟೇ.

ಕುದಿ ಬಂದ ಮೇಲೆ ಜಾಗ್ರತೆ. ಇದು ಸಾರಿನ ಹಾಗೆ ಸುಮ್ಮನೆ ಕುದಿಯುವುದಿಲ್ಲ. ದಪ್ಪ ಗುಳ್ಳೆ ಎದ್ದು ಪುಟಕ್ಕಂತ ಒಡೆದು ಕೈಗೆ ಸಿಡಿಯುತ್ತದೆ, ಸಿಡಿದದ್ದು ಅಂಟಿಕೊಂಡು ಸುಡುತ್ತದೆ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ, ಮುಚ್ಚಳ ಅರ್ಧ ಮುಚ್ಚಿ. ತಳವೂ ಬೇಗ ಹಿಡಿಯುತ್ತದೆ. ಹತ್ತು ನಿಮಿಷದಷ್ಟು ಸಣ್ಣ ಉರಿಯಲ್ಲಿ ಬೇಯಿಸಿ, ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಎರಡು ಚಮಚ ಪುಡಿ ಬೆಲ್ಲ, ಒಂದು ದೊಡ್ಡ ಚಮಚ ಸೋಯಾ ಸಾಸ್ ಹಾಕಿದೆ. ಜಾವಾದವರು ಬಳಸುವುದು ಬೆಲ್ಲ ಸೇರಿಸಿ ಮಂದ ಮಾಡಿದ ಸಿಹಿ ಸೋಯಾ ಸಾಸ್, ಅದಕ್ಕೆ ಕೆಚಪ್ ಮಾನಿಸ್ ಅಂತ ಹೆಸರು. ನಮ್ಮಲ್ಲಿ ಗೋಬಿ ಮಂಚೂರಿ ಗಾಡಿಗಳ ದಯೆಯಿಂದ ಮಾಮೂಲಿ ಸೋಯಾ ಸಾಸ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಬೆಲ್ಲ ಹೇಗೂ ಇದೆ. ಸೋಯಾ ಸಾಸಿನಲ್ಲೇ ಸಾಕಷ್ಟು ಉಪ್ಪಿರುವುದರಿಂದ ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕಬೇಕು. ಹುಲ್ಲಿನ ತುಂಡು ತೆಗೆದು, ಮೊದಲ ಹಾಲು ಸುರಿದು, ಅಂಚು ಸಣ್ಣಗೆ ಕುದಿಯುತ್ತಲೇ ಒಲೆ ಆರಿಸಿದೆ. ಮೊದಲ ಹಾಲನ್ನು ಜೋರಾಗಿ ಕುದಿಸಿದರೆ ಒಡೆಯುತ್ತದೆ. ಪಕ್ಕಕ್ಕಿಟ್ಟ ತರಿ ಬೀಜ ಮೇಲೆ ಬಿತ್ತು. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಬೇಕಾದದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಬೇಕು.

ಖಾರ ನೋಡುವುದರಲ್ಲಿ ಒಂದು ಮೋಸ ಇದೆ. ಬಿಸಿಬಿಸಿ ಬಾಯಿಗಿಟ್ಟಾಗ ಮೊದಲು ಸಿಗುವುದು ಬೀಜದ ರುಚಿ, ಆಮೇಲೆ ಹುಳಿ, ಆಮೇಲೆ ಸಿಹಿ. ಖಾರ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಗಂಟಲಿನಿಂದ ಮೇಲೆ ಬರುತ್ತದೆ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗಿ ಕೂತಿರುವುದರಿಂದ ತಡವಾಗಿ ಬಂದು ತುಂಬಾ ಹೊತ್ತು ಉಳಿಯುತ್ತದೆ. "ಖಾರ ಸಾಲ್ದು ಅತ್ತೆ, ಇನ್ನೆರಡು ಮೆಣಸು ಹಾಕಿ" ಅಂತ ನನಗೆ ಹೇಳಿದ ಹುಡುಗ ಒಂದು ನಿಮಿಷದ ಮೇಲೆ ನೀರಿನ ಚೊಂಬು ಹುಡುಕಿದ. ಇದಕ್ಕೆ ನೀರು ಏನೂ ಮಾಡುವುದಿಲ್ಲ. ಅಜ್ಜಿ ಮೊಸರು ಕೊಟ್ಟರು. ಹಾಲು, ಮೊಸರಿನಲ್ಲಿರುವ ಪ್ರೋಟೀನ್ ಮತ್ತು ಕೊಬ್ಬು ಆ ಉರಿಯನ್ನು ಎಳೆದುಕೊಳ್ಳುತ್ತದೆ. ರುಚಿ ನೋಡಿ ಒಂದೆರಡು ನಿಮಿಷ ಕಾದು ಆಮೇಲೆ ತೀರ್ಮಾನ ಮಾಡಿ.

ತಿಂದದ್ದು ಯಾವುದರ ಜೊತೆ? ಮೊದಲು ಆಲೂಗಡ್ಡೆ. ಹಾಸನದವರಿಗೆ ಆಲೂಗಡ್ಡೆ ಬಗ್ಗೆ ಹೇಳಬೇಕಾ? ಒಂದು ಕಾಲದಲ್ಲಿ ಮುಂಗಾರು ಬಂತೆಂದರೆ ನಮ್ಮ ಜಿಲ್ಲೆಯ ಹೊಲಗಳಲ್ಲಿ ಅದೇ ಅದೇ ಇರುತ್ತಿತ್ತು. ಸಣ್ಣ ಗಡ್ಡೆಗಳನ್ನು ಸಿಪ್ಪೆ ಸಮೇತ ಬೇಯಿಸಿ, ಜೊತೆಗೆ ಹುರುಳಿಕಾಯಿ, ಎಲೆಕೋಸು, ಮೊಳಕೆ ಹೆಸರುಕಾಳು, ಬೇಯಿಸಿದ ಮೊಟ್ಟೆ, ಹಸಿ ಸೌತೆಕಾಯಿ ಹೋಳು. ಮೇಲೆ ಸಾಸ್. ಇದು ಗಾಡೊ ಗಾಡೊ ಹತ್ತಿರಕ್ಕೆ ಬಂತು. ಹಸಿ ಸೌತೆಕಾಯಿ ಬಿಡಬೇಡಿ, ಇಷ್ಟು ದಪ್ಪ ಸಾಸ್‌ಗೆ ಆ ತಂಪು ಬೇಕೇ ಬೇಕು. ಅಕ್ಕಿ ರೊಟ್ಟಿಗೆ ಚೆನ್ನಾಗಿದೆ. ಕಡುಬಿಗೆ ಇನ್ನೂ ಚೆನ್ನ. ಮುದ್ದೆಗೆ ಆಗುವುದಿಲ್ಲ, ಯಜಮಾನರು ಪ್ರಯತ್ನಿಸಿ ಬಿಟ್ಟರು. ಎರಡೂ ಗಟ್ಟಿ, ನುಂಗುವಾಗ ಗಂಟಲಲ್ಲಿ ಜಗಳ.

ಭಾನುವಾರ ಹುಡುಗ ಮಹಡಿಯ ಮೇಲೆ ಕೆಂಡ ಹಾಕಿ ಕೋಳಿ ಸುಡುತ್ತೇನೆ ಅಂದ. ಕಡ್ಡಿಗೆ ತೆಂಗಿನ ಗರಿ ತಂದು ಕಡ್ಡಿ ಸೀಳಲು ಕೂತ. ಅತ್ತೆಗೆ ಅದನ್ನು ನೋಡಿ ತಡೆಯಲಾಗಲಿಲ್ಲ. "ಪೊರಕೆ ಕಡ್ಡಿಗೆ ಮಾಂಸ ಚುಚ್ತೀಯೇನೋ!" ಅವನಿಗೆ ಗೊತ್ತಿತ್ತು, ಸಾತೆಗೆ ಹಳೆಯ ಕ್ರಮದಲ್ಲಿ ಬಳಸುವುದು ತೆಂಗಿನ ಗರಿಯ ನಡುಕಡ್ಡಿಯನ್ನೇ, ಬಿದಿರು ಕಡ್ಡಿಯೂ ಆಗುತ್ತದೆ. ಹಸಿ ಗರಿಯ ಕಡ್ಡಿ ತೊಳೆದು ನೀರಿನಲ್ಲಿ ನೆನೆಸಿಟ್ಟರೆ ಕೆಂಡದ ಮೇಲೆ ಬೇಗ ಸುಡುವುದಿಲ್ಲ. ತೆಂಗಿನ ಚಿಪ್ಪಿನ ಕೆಂಡ, ಅರಿಶಿನ, ಕೊತ್ತಂಬರಿ ಬೀಜದ ಪುಡಿ, ಬೆಲ್ಲ ಸವರಿದ ಕೋಳಿ ತುಂಡು, ಅದ್ದಿಕೊಳ್ಳಲು ಸಾಸ್. ಮಾಂಸ ತಿನ್ನದ ಅತ್ತೆಗೆ ಅದೇ ಕೆಂಡದಲ್ಲಿ, ಬೇರೆ ಜಾಲರಿಯ ಮೇಲೆ, ಪನ್ನೀರ್ ಮತ್ತು ಅನಾನಸ್ ಸುಟ್ಟುಕೊಟ್ಟ. ಅನಾನಸ್ ಜೊತೆ ಅದು ಹೊಂದಿದ ರೀತಿ ನನಗೆ ಕೋಳಿಗಿಂತ ಇಷ್ಟವಾಯಿತು.

ಬಂದವರಿಗೆ ಬಡಿಸುವ ಮೊದಲು ಕಡಲೆಬೀಜ ಆಗುತ್ತದಾ ಅಂತ ಕೇಳಿಕೊಳ್ಳಿ. ಚಟ್ನಿಯಲ್ಲಿ ಬೀಜ ಇದೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ. ಸಾಸಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಲರ್ಜಿ ಇರುವವರಿಗೆ ಸ್ವಲ್ಪ ಹೋದರೂ ಉಸಿರು ಕಟ್ಟುವಷ್ಟು ಆಗಬಹುದು. ಮಕ್ಕಳ ವಿಷಯದಲ್ಲಂತೂ ಅವರ ಅಮ್ಮನನ್ನೇ ಕೇಳಬೇಕು.

ತೆಂಗಿನಹಾಲು ಇರುವುದರಿಂದ ಸಾಸ್ ಹೊರಗಿಟ್ಟರೆ ಉಳಿಯುವುದಿಲ್ಲ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಜಾಸ್ತಿ ದಿನ ಬೇಕಾದವರು ಹಾಲು ಹಾಕುವ ಮುಂಚಿನ ಹಂತದಲ್ಲೇ, ಅಂದರೆ ಮಸಾಲೆ ಮತ್ತು ಬೀಜದ ಪೇಸ್ಟ್ ಬಾಡಿಸಿದ ಮೇಲೆ, ಅರ್ಧ ತೆಗೆದು ಫ್ರೀಜರಿನಲ್ಲಿಡಿ. ಬೇಕಾದಾಗ ತೆಂಗಿನಹಾಲು ಸೇರಿಸಿ ಕುದಿಸಿದರೆ ಹೊಸದೇ. ಫ್ರಿಜ್ಜಿನಿಂದ ತೆಗೆದ ಸಾಸ್ ಕಲ್ಲಾಗಿರುತ್ತದೆ. ಅದಕ್ಕೆ ತಣ್ಣೀರು ಬೇಡ, ಬಿಸಿನೀರು ಚಮಚ ಚಮಚವಾಗಿ.

ಬೆಲ್ಲದ ವಿಚಾರ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಯಜಮಾನರಿಗೆ ಮೂರು ಚಮಚ ಬೇಕು, ಅತ್ತೆಗೆ ಒಂದೂ ಬೇಡ, ಹುಣಸೆ ಜಾಸ್ತಿ ಇರಲಿ ಅಂತಾರೆ. ನಾನು ಎರಡಕ್ಕೆ ನಿಂತಿದ್ದೇನೆ. ನೀವು ಬೆಲ್ಲ ಕಡಿಮೆ ಮಾಡುವುದಾದರೆ ಸೋಯಾ ಸಾಸನ್ನೂ ಅರ್ಧ ಮಾಡಿ. ಸಿಹಿ ಇಲ್ಲದಿದ್ದರೆ ಅದರ ಉಪ್ಪು ಎದ್ದು ಕಾಣುತ್ತದೆ.